ಪಾರಸದ ಬೆಕ್ಕಿಗೆ ಕತ್ತರಿ ಹಾಕಿದ್ದು

ಒಂದಾನೊಂದು ಕಾಲದಲ್ಲಿ, ಕುದುರೆಗಳು ಹಡಗು ಹತ್ತಿ ನಮ್ಮ ಸೀಮೆಗೆ ಬರ್ತಿದ್ದ ಕಾಲದಲ್ಲಿ, ಕುರಿ ಸಾಕಿ ಕಂಬಳಿ ನೇಯೋ ಮಾಳಿಂಗಪ್ಪ ಅಂತ ಒಬ್ಬ ಇದ್ನಂತೆ. ಅವನಿಗೆ ರೇವಣ, ಅಮೋಗಿ ಅಂತ ಎರಡು ಗಂಡು, ಕೊನೇದು ಸಿದ್ದವ್ವ ಅಂತ ಹೆಣ್ಣು. ಹೂಂ ಅನ್ನು ಮಗಾ, ಹೂಂ ಅನ್ನದಿದ್ರೆ ಕತೆ ನಿಂತುಬಿಡ್ತದೆ.

ಒಂದಿನ ಪಾರಸ ದೇಶದ ಕುದುರೆ ವ್ಯಾಪಾರಿ ಯಾಕೂಬ ಸಾಬ ಮಾಳಿಂಗಪ್ಪನ ಜಗಲಿಗೆ ಬಂದನಂತೆ. ತೋಳಲ್ಲಿ ಒಂದು ಬೆಕ್ಕು. ದುಂಡು ಮುಖ, ಗೇಣುದ್ದ ಕೂದಲು, ನರಿಯಂಥ ಬಾಲ, ಆದರೆ ಮೈಯೆಲ್ಲ ಜಡೆಗಟ್ಟಿ ಗಂಟುಗಂಟು. ಇದು ನನ್ನ ಮಗಳದು ಮಾಳಿಂಗಪ್ಪ, ಅವಳು ಹಡಗಲ್ಲೇ ಜ್ವರ ಬಂದು ಹೋದಳು, ಅವತ್ತಿಂದ ಇದರ ಮೈ ಮುಟ್ಟೋಕೆ ನನ್ನ ಕೈ ಏಳ್ತಿಲ್ಲ, ನಾಲ್ಕು ತಿಂಗಳಿಗೆ ತಿರುಗಿ ಬರ್ತೀನಿ, ಇದರ ಜೀವ ಉಳಿಸಿಕೊಡು ಅಂದನಂತೆ. ಮಾಳಿಂಗಪ್ಪ ಕಂಬಳಿ ಮುಟ್ಟಿ ಮಾತು ಕೊಟ್ಟ. ಆ ಮನೆತನದಲ್ಲಿ ಕಂಬಳಿ ಮುಟ್ಟಿ ಕೊಟ್ಟ ಮಾತು ತಪ್ಪಿದರೆ ಮತ್ತೆ ಮಗ್ಗದಲ್ಲಿ ಕೂರೋ ಹಾಗಿಲ್ಲವಂತೆ.

ಬೆಕ್ಕು ಬಲು ಸಾಧು. ಕೂಗೋದಿಲ್ಲ, ಪರಚೋದಿಲ್ಲ, ಇಲಿ ಎದುರಿಗೇ ಹಾದುಹೋದರೂ ದೊಡ್ಡಮನುಷ್ಯರ ಹಾಗೆ ನೋಡಿ ಸುಮ್ಮನಾಗೋದು. ಆದರೆ ಗಂಟು ಜಗ್ಗಿ ಜಗ್ಗಿ ಚರ್ಮ ಕೆಂಪಗಾಗಿತ್ತು. ರೇವಣ ಅಂದನಂತೆ, ಇದೇನು ಮಹಾ, ಕುರಿ ತೊಳೆದ ಹಾಗೆ ತೊಳೆದರಾಯ್ತು. ಹಳ್ಳಕ್ಕೆ ಒಯ್ದು ಉಜ್ಜಿ ಉಜ್ಜಿ ತೊಳೆದ. ನೆಂದ ಉಣ್ಣೆ ಉಜ್ಜಿದರೆ ಏನಾಗ್ತದೆ, ಗಟ್ಟಿ ಹೆಪ್ಪಾಗ್ತದೆ. ಕಂಬಳಿಯವನ ಮಗನಿಗೆ ಅದು ಮರೆತುಹೋಗಿತ್ತು ನೋಡು.

ಆಮೇಲೆ ಅಮೋಗಿ, ನೀನು ಬಿಡಣ್ಣ, ಉಣ್ಣೆ ಅಂದಮೇಲೆ ಕತ್ತರಿ ಅಂತ ಕುರಿ ಕತ್ತರಿ ತಂದನಂತೆ. ಬೆಕ್ಕಿನ ಚರ್ಮ ಕುರಿಯಂಥದಲ್ಲ, ಹಾಳೆಯಷ್ಟು ತೆಳು. ಎಡಮಗ್ಗುಲು ಬೋಳಾಗೋದಕ್ಕೂ ರಕ್ತ ಚಿಮ್ಮೋದಕ್ಕೂ ಸರಿಹೋಯ್ತು. ಬೆಕ್ಕು ಕಣಜದ ಹಿಂದೆ ಸೇರಿ ಮೂರು ದಿನ ನೀರೂ ಮುಟ್ಟಲಿಲ್ಲವಂತೆ. ಮಾಳಿಂಗಪ್ಪ ಮಗ್ಗದ ಮುಂದೆ ಕೂತು ಕೈ ಕಟ್ಟಿಕೊಂಡ. ಸತ್ತರೆ ಸಾಬನಿಗೆ ಯಾವ ಮುಖ ತೋರಿಸಲಿ ಅಂದನಂತೆ.

ಸಿದ್ದವ್ವ ಸುಮ್ಮನೆ ಕಣಜದ ಹತ್ತಿರ ಕೂತಳಂತೆ. ಕರೆಯಲಿಲ್ಲ, ಎಳೆಯಲಿಲ್ಲ. ದಿನಾ ಅದೇ ಹೊತ್ತು, ಅದೇ ಜಾಗ. ಅಮೋಗಿ, ಬೆಕ್ಕಿಗೆ ತಪಸ್ಸು ಮಾಡ್ತೀಯೇನೇ ಅಂತ ಆಡಿಕೊಂಡ. ನೀ ಕತ್ತರಿ ಇಟ್ಕೊಂಡು ಆಚೆ ಹೋಗಣ್ಣ ಅಂದಳಂತೆ. ನಾಲ್ಕನೇ ದಿನ ಬೆಕ್ಕು ತಾನಾಗೇ ಬಂದು ಅವಳ ಅಂಗೈಲಿದ್ದ ಹಾಲು ನೆಕ್ಕಿತು. ಆಮೇಲೆ ಅವಳು ಗಾಯಕ್ಕೆ ಅರಿಶಿನ ಹಚ್ಚಿ, ಬಲಮಗ್ಗುಲ ಗಂಟಿಗೆ ಜೋಳದ ಹಿಟ್ಟು ಉದುರಿಸಿ, ಬುಡ ಬೆರಳಲ್ಲಿ ಹಿಡಿದು, ತುದಿಯಿಂದ ಒಂದೊಂದೇ ಎಳೆ ಬಿಡಿಸಿದಳಂತೆ. ದಿನಕ್ಕೆ ಒಂದೇ ಗಂಟು, ಹೆಚ್ಚಿಗೆ ಇಲ್ಲ. ನಡುವೆ ಬೆಕ್ಕು ಕೂದಲುಂಡೆ ಕಕ್ಕಿದಾಗ ಎಲ್ಲರೂ ಹೋಯ್ತು ಹೋಯ್ತು ಅಂದರು. ಸಿದ್ದವ್ವ ಅಂದಳು, ಮೈ ನೆಕ್ಕಿ ನುಂಗಿದ್ದಪ್ಪಾ ಅದು, ನಾವು ಬಾಚಿದಷ್ಟೂ ಅದು ನುಂಗೋದು ಕಮ್ಮಿ. ಅವತ್ತಿಂದ ಎರಡು ಹೊತ್ತು ಬಾಚಿದಳಂತೆ.

ನಾಲ್ಕು ತಿಂಗಳಿಗೆ ಸಾಬ ಬಂದ. ಬೆಕ್ಕಿನ ಒಂದು ಮಗ್ಗುಲು ರೇಷ್ಮೆ, ಒಂದು ಮಗ್ಗುಲು ಮೋಟು. ಮಾಳಿಂಗಪ್ಪ ಮುಚ್ಚಿಡಲಿಲ್ಲ. ನನ್ನ ಮಕ್ಕಳು ಕೆಡಿಸಿದರು ಸಾಬರೇ, ಮಾತು ತಪ್ಪಿದೆ, ನಾಳೆ ಮಗ್ಗ ಬಿಚ್ಚಿ ಇಳಿಸ್ತೀನಿ ಅಂದನಂತೆ. ಸಾಬ, ಜೀವ ಉಳಿಸು ಅಂದಿದ್ದೆ, ಕೂದಲು ಎಣಿಸಿ ಕೊಟ್ಟಿರಲಿಲ್ಲ ಮಾಳಿಂಗಪ್ಪ, ಏಳು, ನೇಯಿ ಅಂದನಂತೆ.

ಬೆಕ್ಕು ಸಾಬನ ಬೆರಳು ಮೂಸಿ, ಮತ್ತೆ ಸಿದ್ದವ್ವನ ಮಡಿಲಿಗೇ ಬಂದು ಮಲಗಿತು. ನೆಲೆ ಕಿತ್ತ ಪ್ರಾಣಿನ ಇನ್ನೊಂದು ಸಲ ಕೀಳಬಾರದು ಅಂತ ಅವನು ಕುದುರೆಗಳನ್ನ ಆ ಊರ ಬಯಲಲ್ಲೇ ಕಟ್ಟಿದನಂತೆ, ಮತ್ತೆ ಹಡಗು ಹತ್ತಲಿಲ್ಲವಂತೆ. ಬೆಳಿಗ್ಗೆ ಎದ್ದು ಬೆಕ್ಕಿನ ಒಂದು ಮಗ್ಗುಲು ಅವಳು ಬಾಚೋಳು, ಒಂದು ಮಗ್ಗುಲು ಅವನು. ಮೊದಲ ದಿನ ಅವನು ಗಂಟನ್ನ ಬುಡದಿಂದಲೇ ಎಳೆದನಂತೆ. ತುದಿಯಿಂದ, ಸಾಬರೇ, ತುದಿಯಿಂದ ಅಂದಳು ಸಿದ್ದವ್ವ. ಗುಲ್ನಾರಳೂ ಹಿಂಗೇ ಗದರಿಸೋಳು ಅಂದ ಅವನು. ಮಗಳು ಹೋದಮೇಲೆ ಅವಳ ಹೆಸರು ಅವನ ಬಾಯಲ್ಲಿ ಬಂದದ್ದು ಅವತ್ತೇ ಅಂತೆ.

ಅವರು ಅಲ್ಲಿ ತಣ್ಣಗಿದ್ದರು, ನಾವು ಇಲ್ಲಿ ತಣ್ಣಗಿದ್ದೀವಿ. ಕತೆ ಮುಗೀತು, ಮಗ್ಗುಲಾಗು ಮಗಾ.