ಕಟಕಟೆಯ ಕೆಳಮೈ

ಮಲಪ್ರಭೆಯ ದಂಡೆಯ ಮೇಲೆ ಒಂದು ಚಿಕ್ಕ ಮಠ. ಅಲ್ಲಿ ಹಾಲಯ್ಯಜ್ಜ ಇದ್ದರು.

ಅವರ ಶಿಷ್ಯೆ ನೀಲಾಂಬಿಕೆ. ಹೈಸ್ಕೂಲಿನ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಳಾದ ಮೇಲೆ ಮಠಕ್ಕೆ ಬಂದವಳು. ಮೂರು ವರ್ಷ ಅಂಗಳ ಗುಡಿಸಿದಳು, ರೊಟ್ಟಿ ಬಡಿದಳು. ಒಂದು ಬೆಳಿಗ್ಗೆ ತಡೆಯಲಾರದೆ ಕೇಳಿಯೇಬಿಟ್ಟಳು.

"ಅಜ್ಜಾರ, ನನಗ ಉಪದೇಶ ಯಾವಾಗ?"

ಅಜ್ಜ ಮಾಳಿಗೆಗೆ ಹೋಗುವ ಮೆಟ್ಟಿಲ ಕಡೆ ನೋಡಿದರು. ಹತ್ತುವವರು ಹಿಡಿದುಕೊಳ್ಳುವ ಮರದ ಕಟಕಟೆಯ ವಾರ್ನಿಷ್ ಕಪ್ಪಿಟ್ಟುಹೋಗಿತ್ತು.

"ಮೊದಲ ಇದಕ್ಕ ಬಣ್ಣ ಹಚ್ಚು."

ಸಂಜೆಯೊಳಗೆ ಅವಳು ಹಸಿರು ಬಣ್ಣ ಹಚ್ಚಿ ಮುಗಿಸಿದಳು. ಹುಣ್ಣಿಮೆಗೆ ಬಂದ ಭಕ್ತರು ನಿಂತು ನೋಡಿದರು. "ಎಷ್ಟು ಚೆಂದ ಆಗೇತ್ರಿ! ಯಾರು ಹಚ್ಚಿದ್ರು?"

"ನಾನೇ ಹಚ್ಚಿದ್ದು," ಎಂದಳು. ಕೇಳದವರಿಗೂ ಹೇಳಿದಳು.

ಮರುದಿನ ಅಜ್ಜ ಮೆಟ್ಟಿಲು ಹತ್ತುತ್ತಾ ಉಗುರಿನಿಂದ ಒಮ್ಮೆ ಕೆರೆದರು. ಬೇಯಿಸಿದ ಆಲೂಗಡ್ಡೆಯ ಸಿಪ್ಪೆಯ ಹಾಗೆ ಬಣ್ಣ ಸುಲಿದು ಬಂತು.

"ಯಾಕ ಹಿಡೀಲಿಲ್ಲ?"

ಅವಳ ಮುಖ ಸಣ್ಣದಾಯಿತು. "ವಾರ್ನಿಷ್ ಮ್ಯಾಲೇ ಹಚ್ಚಿಬಿಟ್ಟೆ ಅಜ್ಜಾರ. ಉಜ್ಜಲಿಲ್ಲ."

"ಉಜ್ಜು."

ಉಪ್ಪುಕಾಗದ ಹಿಡಿದು ಕೂತಳು. ಹನ್ನೆರಡು ದಿನ ಉಜ್ಜಿದಳು. ಅಂಗೈಯಲ್ಲಿ ಬೊಬ್ಬೆ ಎದ್ದವು. ಮೂಗಿನ ತುಂಬ ವಾರ್ನಿಷ್ ಪುಡಿ. ಕೊನೆಗೆ ಬೇವಿನ ಮರದ ಮೈ ಬೆಳ್ಳಗೆ ಕಾಣಿಸಿತು.

ಅಜ್ಜ ಬಂದರು. ಮೇಲೆ ನೋಡಲಿಲ್ಲ. ಕೈಯನ್ನು ಕಟಕಟೆಯ ಕೆಳಗೆ ಹಾಯಿಸಿದರು.

"ಕೆಳಗ ಹಂಗ ಐತಲ್ಲ?"

"ಅಲ್ಲಿ ಯಾರ ಕಣ್ಣು ಹೋಗತೈತ್ರಿ ಅಜ್ಜಾರ?"

"ಕೈ ಹೋಗತೈತಿ," ಎಂದು ನಡೆದುಬಿಟ್ಟರು.

ಅವಳಿಗೆ ಸಿಟ್ಟು ಬಂತು. ಆದರೂ ಮೆಟ್ಟಿಲ ಮೇಲೆ ಕೂತು, ಕುತ್ತಿಗೆ ಸೊಟ್ಟ ಮಾಡಿ, ಕಾಣದ ಕಡೆ ಉಜ್ಜತೊಡಗಿದಳು.

ಏಳನೆಯ ಮೆಟ್ಟಿಲ ಹತ್ತಿರ ಬೆರಳಿಗೆ ಏನೋ ತಡೆಯಿತು.

ಒಳಗಿನಿಂದ ಕೈಗನ್ನಡಿ ತಂದು ಕೆಳಗೆ ಹಿಡಿದಳು. ವಾರ್ನಿಷ್ ಕಿತ್ತುಹೋದ ಕಡೆ ಮರದಲ್ಲಿ ಸಣ್ಣ ಸಣ್ಣ ಗೀರುಗಳು. ಉಗುರು ಊರಿದ ಗುರುತು. ಒಂದರ ಮೇಲೊಂದು, ನೂರಾರು. ಅಲ್ಲಿಂದ ಮೇಲಿನ ಮೆಟ್ಟಿಲವರೆಗೂ, ಹೆಜ್ಜೆಗೊಂದು ಗುಂಪು.

ಕೈ ಚಾಚಿ ತನ್ನ ಬೆರಳುಗಳನ್ನು ಅದರಲ್ಲಿಟ್ಟಳು. ಮೂರು ಬೆರಳಿಗೆ ಕುಳಿ ಸಿಕ್ಕಿತು. ಉಂಗುರದ ಬೆರಳಿನ ಜಾಗದಲ್ಲಿ ಮಾತ್ರ ಮರ ನುಣ್ಣಗಿತ್ತು.

"ಅಜ್ಜಾರ!" ಎಂದು ಕೂಗಿದಳು.

ಅಜ್ಜ ಬಂದು ಅವಳ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕೂತರು. ಕೈ ಕೆಳಗೆ ಹೋಯಿತು. ಅಲ್ಲೇ ನಿಂತಿತು.

"ನಮ್ಮ ಗುರುಗಳ ಕೈ," ಎಂದರು. "ಅವರಿಗೆ ಉಂಗುರದ ಬೆರಳು ಇರಲಿಲ್ಲ."

ನೀಲಾಂಬಿಕೆ ಕೈಗನ್ನಡಿ ಕೆಳಗಿಟ್ಟಳು.

"ನನಗ ಆಗ ಹದಿನೆಂಟು. ಜ್ವರ ಬಂದು ಕಾಲು ಬಿದ್ದುಹೋಗಿದ್ವು. ಎರಡು ವರ್ಷ ಮಾಳಿಗಿ ಮ್ಯಾಲೆ ಮಲಗಿದ್ದೆ. ದಿನಾ ಮೂರು ಸಲ ಅವರೇ ಗಂಜಿ ತರತಿದ್ರು. ಒಂದು ಕೈಯಾಗ ಬಟ್ಟಲ, ಇನ್ನೊಂದು ಕೈ ಇಲ್ಲಿ. ನಾ ಎದ್ದು ಓಡಾಡೂ ಹೊತ್ತಿಗೆ ಅವರೇ ಇದಕ್ಕ ವಾರ್ನಿಷ್ ಹಚ್ಚಿಬಿಟ್ಟಿದ್ರು."

"ಅವರಿಗೆ ಮೊಣಕಾಲು ನೋವಿತ್ತೇನ್ರಿ?"

"ಇತ್ತು ಅಂತ ನನಗ ಇವತ್ತ ಗೊತ್ತಾತು."

ಅಜ್ಜನ ಬೆರಳು ಪಕ್ಕದ ಕುಳಿಗೆ ಸರಿಯಿತು.

"ಒಂದಿನ ಹಸಿವಿಗೆ ಸಿಟ್ಟು ಮಾಡಿದ್ದೆ. ಇಷ್ಟು ತಡ ಯಾಕ ಅಂತ ಕೇಳಿದೆ. 'ಗಂಜಿ ಆರಲಿ ಅಂತ ಮೆಟ್ಟಿಲ ಮ್ಯಾಲೆ ನಿಂತಿದ್ದೆ ಮಗಾ, ನಿನ್ನ ನಾಲಿಗಿ ಸುಟ್ಟೀತು' ಅಂದ್ರು. ನಕ್ಕೋತ ಅಂದ್ರು. ನಾನು ನಂಬಿದೆ. ಐವತ್ತೆಂಟು ವರ್ಷ ನಂಬಿದೆ."

ಅವರ ಗಡ್ಡದ ಮೇಲೆ ಕಣ್ಣೀರು ಇಳಿಯಿತು. ಒರೆಸಿಕೊಳ್ಳಲಿಲ್ಲ.

ನೀಲಾಂಬಿಕೆ ಬೋಳು ಮರಕ್ಕೆ ಹಣೆ ಹಚ್ಚಿದಳು. ಅವಳಿಗೆ ಏನೂ ಕೇಳಬೇಕೆನಿಸಲಿಲ್ಲ. ಹೊರಗೆ ಹೊಳೆ ಹರಿಯುತ್ತಲೇ ಇತ್ತು. ಅಡುಗೆಮನೆಯಲ್ಲಿ ಯಾರೋ ಊಟಕ್ಕೆ ಕರೆದರು. ಇಬ್ಬರೂ ಏಳಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ಅವಳು ತಲೆ ಎತ್ತಿದಳು.

"ಅಜ್ಜಾರ, ಇದಕ್ಕ ಬಣ್ಣ ಬ್ಯಾಡ್ರಿ. ಹಿಂಗ ಬಿಡೂಣ್ರಿ. ಕೆಳಗ ಒಂದು ಕನ್ನಡಿ ಕೂಡಿಸೂಣು. ಬಂದವರೆಲ್ಲ ನೋಡಲಿ, ಕೈ ಮುಗೀಲಿ."

ಅಜ್ಜ ಪಕ್ಕದಲ್ಲಿದ್ದ ಬಣ್ಣದ ಡಬ್ಬಿಯ ಮೇಲಿನ ಕುಂಚ ಎತ್ತಿ ಅವಳ ಕೈಗಿಟ್ಟರು.

"ನನಗೇ ತೋರಿಸಲಿಲ್ಲ ಅವರು. ಹಚ್ಚು."