ಬಾಗಿಲಿಗೆ ಅಡ್ಡ ನಿಂತ ಹಾಲು

ಭುವನಾಗೆ ರಕ್ತ ಸಾಲದು ಎಂದು ತಿಳಿದಂದಿನಿಂದ ಅವಳ ಅಜ್ಜಿ ದಿನವೂ ಮಧ್ಯಾಹ್ನ ನುಗ್ಗೆಸೊಪ್ಪಿನ ಪಲ್ಯ ಬಡಿಸಿ, ಅದರ ಮೇಲೆಯೇ ಒಂದು ದೊಡ್ಡ ಲೋಟ ಹಾಲು ಕುಡಿಸುತ್ತಿದ್ದಳು. ಆದರೂ ಹುಡುಗಿಯ ಬಿಳಿಚಿದ ಮುಖಕ್ಕೆ ಬಣ್ಣ ಬರಲಿಲ್ಲ.

ಒಂದು ದಿನ ಒಲೆಯ ಮೇಲಿದ್ದ ಹಾಲು ಪಕ್ಕದ ಬಾಣಲೆಯ ಸೊಪ್ಪನ್ನು ಗದರಿಸಿತು: "ನಿನ್ನಲ್ಲಿ ಕಬ್ಬಿಣವಿದೆ ಎಂದು ಊರೆಲ್ಲ ಹೊಗಳುತ್ತದೆ. ಎಲ್ಲಿ, ಮಗುವಿನ ಮುಖದಲ್ಲಿ ಕಾಣುವುದೇ ಇಲ್ಲವಲ್ಲ?"

"ನನ್ನ ಕಬ್ಬಿಣ ಅವಳ ರಕ್ತದೊಳಗೆ ಹೋಗುವ ಹೊತ್ತಿಗೇ ನೀವು ನಿಮ್ಮ ಸುಣ್ಣದಂಶದೊಂದಿಗೆ ಬಾಗಿಲಿಗೆ ಅಡ್ಡ ನಿಂತಿರುತ್ತೀರಿ," ಎಂದಿತು ಸೊಪ್ಪು.

"ನಾನೇ? ಹುಟ್ಟಿದಾಗಿನಿಂದ ಅವಳನ್ನು ಸಾಕಿದ್ದು ನಾನು!"

"ಇಲ್ಲವೆಂದವರು ಯಾರು? ಅವಳ ಮೂಳೆಗೆ ನೀವು ಬೇಕೇ ಬೇಕು. ಊಟದ ಹೊತ್ತು ಮಾತ್ರ ನನಗೆ ಬಿಡಿ, ನೀವು ಸಂಜೆ ಬನ್ನಿ."

ಹಾಲು ಕೆರಳಿ ಕುದಿಯತೊಡಗಿತು. ಅಷ್ಟರಲ್ಲಿ ಭುವನಾ ಶಾಲೆಯಿಂದ ಊಟಕ್ಕೆ ಬಂದವಳು ಒಳಗೆ ಬರಲೂ ಆಗದೆ ಮೆಟ್ಟಿಲ ಮೇಲೆ ಏದುಸಿರು ಬಿಡುತ್ತಾ ಕುಸಿದಳು. ಹಾಲು ಅವಳನ್ನೇ ನೋಡಿತು. ತಾನಾಗಿಯೇ ಪಾತ್ರೆ ಮೀರಿ ಉಕ್ಕಿ ಒಲೆಯ ಪಾಲಾಯಿತು.

ಅಜ್ಜಿ ತಲೆ ಚಚ್ಚಿಕೊಂಡಳು. ಹಾಲಿಲ್ಲದ ಊಟ ರುಚಿಸಲೆಂದು ಪಲ್ಯಕ್ಕೆ ನಿಂಬೆಹಣ್ಣು ಹಿಂಡಿದಳು. ಮರುದಿನವೂ ಹಾಲು ಉಕ್ಕಿತು, ಅದರ ಮರುದಿನವೂ. "ಈ ಹಾಲಿಗೆ ಮಧ್ಯಾಹ್ನ ಆಗಿಬರುವುದಿಲ್ಲ," ಎಂದು ಗೊಣಗಿ ಅಜ್ಜಿ ಹಾಲಿನ ಲೋಟವನ್ನು ಸಂಜೆಗೆ ದಾಟಿಸಿದಳು.

ಮಳೆಗಾಲ ಕಳೆಯುವಷ್ಟರಲ್ಲಿ ಭುವನಾ ಮೆಟ್ಟಿಲುಗಳನ್ನು ಹಾರಿಕೊಂಡೇ ಬಂದು ಸಂಜೆಯ ಹಾಲಿಗೆ ಕೈಚಾಚತೊಡಗಿದಳು. ಅವಳ ಕೆಂಪೇರಿದ ಕೆನ್ನೆ ಸವರಿ ಅಜ್ಜಿ ಹೇಳಿದಳು: "ಹಾಲು ಉಕ್ಕಿದರೆ ಮನೆಗೆ ಒಳ್ಳೆಯದು ಅಂತ ಹಿರಿಯರು ಸುಮ್ಮನೆ ಹೇಳಿಲ್ಲ!"