ತಮ್ಮನ ಎದುರು ಕೂತು ಬಾರು ಎಳೆದ ಯೋನಪ್ಪ

ಬಹಳ ಹಿಂದೆ, ಬಾವಿಗಳಿಗೆ ಇನ್ನೂ ಪಂಪು ಬರದ ಕಾಲದಲ್ಲಿ, ಎರೆಬಾವಿ ಎಂಬ ಊರಿನಲ್ಲಿ ಯೋನಪ್ಪ ಅಂತ ಒಬ್ಬನಿದ್ದನಂತೆ. ನಾನು ಅವನನ್ನು ನೋಡಿಲ್ಲ. ನನಗೆ ಈ ಮಾತು ಹೇಳಿದ ನನ್ನಜ್ಜಿಯೂ ನೋಡಿರಲಿಲ್ಲ. ಅಜ್ಜಿಗೆ ಹೇಳಿದವರು ನೋಡಿದ್ದರಂತೆ. ಅವರು ಹೇಳಿದ್ದನ್ನೇ ನಾನು ನಿಮಗೆ ಹೇಳುತ್ತೇನೆ.

ಯೋನಪ್ಪ ಕಪಲಿ ಹೊಲಿಯುತ್ತಿದ್ದ. ಕಪಲಿ ಅಂದರೆ ಬಾವಿಯಿಂದ ನೀರೆತ್ತುವ ತೊಗಲಿನ ದೊಡ್ಡ ಚೀಲ. ಅದರ ಬಾಯಿಗೆ ಕಬ್ಬಿಣದ ಬಳೆ ಇರುತ್ತದೆ, ಬಳೆಗೆ ಹಗ್ಗ ಕಟ್ಟಿ ಎತ್ತುಗಳಿಂದ ಎಳೆಸುತ್ತಾರೆ. ಎತ್ತು ಇಳಿಜಾರಿನಲ್ಲಿ ಕೆಳಗೆ ಹೋದಂತೆ ಕಪಲಿ ಮೇಲೆ ಬರುತ್ತದೆ, ನೀರು ಕಾಲುವೆಗೆ ಸುರಿಯುತ್ತದೆ. ಕಪಲಿ ಚೆನ್ನಾಗಿದ್ದರೆ ಹೊಲ ಹಸಿರು, ಕೆಟ್ಟದಾಗಿದ್ದರೆ ಅರ್ಧ ನೀರು ದಾರಿಯಲ್ಲೇ ಹೋಗುತ್ತದೆ. ಯೋನಪ್ಪನ ಕಪಲಿಯಿಂದ ಒಂದು ಹನಿಯೂ ಸೋರುತ್ತಿರಲಿಲ್ಲವಂತೆ. ಅದರಲ್ಲಿ ಹಾಲು ತುಂಬಿ ಸಂತೆಗೆ ಒಯ್ಯಬಹುದಿತ್ತು ಅಂತ ಕೆಲವರು ಹೇಳುತ್ತಾರೆ. ಅದು ಸ್ವಲ್ಪ ಹೆಚ್ಚಾಯಿತು ಅಂತ ನನಗೆ ಅನಿಸುತ್ತದೆ. ಆದರೆ ಹಾಗೆ ಹೇಳುತ್ತಾರೆ.

ಆ ಕಾಲದಲ್ಲಿ ಎರೆಬಾವಿಯ ತೊಗಲು ಕೆಲಸದವರ ಕೇರಿ ಕ್ರಿಸ್ತನನ್ನು ನಂಬಿತು. ಎಲ್ಲರೂ ದೀಕ್ಷಾಸ್ನಾನ ತಗೊಂಡರು. ದೇವರ ವಾಕ್ಯ ಕಲಿಸುವುದಕ್ಕೆ ದೇವಪುತ್ರಪ್ಪ ಎಂಬ ಉಪದೇಶಿ ಬಂದ. ಕೇರಿಯಲ್ಲಿ ಯಾರಿಗೂ ಓದು ಬರುತ್ತಿರಲಿಲ್ಲ. ಅದಕ್ಕೆ ಉಪದೇಶಿ ಒಂದೊಂದೇ ವಾಕ್ಯವನ್ನು ಬಾಯಿಪಾಠ ಮಾಡಿಸುತ್ತಿದ್ದ. ಭಾನುವಾರ ಎಲ್ಲರೂ ಎದ್ದು ನಿಂತು, ಕಲಿತದ್ದನ್ನು ಸಭೆಯ ಮುಂದೆ ಒಪ್ಪಿಸಬೇಕು. ಪ್ರತಿ ವಾರ ಹೊಸ ವಾಕ್ಯ. ಅದು ರೂಢಿ.

ಯೋನಪ್ಪ ಮಾತ್ರ ಬೇರೆ ಥರ. ಅವನು ಉಪದೇಶಿಯ ಹತ್ತಿರ ಹೋಗಿ, ನನಗೆ ಒಂದು ಕೊಡು, ಅದನ್ನು ಮಾಡಿ ಮುಗಿಸಿ ಬರ್ತೀನಿ, ಆಮೇಲೆ ಇನ್ನೊಂದು ಕೊಡು ಅಂದನಂತೆ. ಕಪಲಿಯನ್ನೂ ಅವನು ಹಾಗೆಯೇ ಹೊಲಿಯುತ್ತಿದ್ದ. ಒಂದು ಮುಗಿಯದೆ ಇನ್ನೊಂದಕ್ಕೆ ಕೈ ಹಾಕುತ್ತಿರಲಿಲ್ಲ.

ಅವನಿಗೆ ಸಿಕ್ಕ ಮೊದಲ ವಾಕ್ಯ, ಹೌದು ಅಂದರೆ ಹೌದು ಇರಲಿ, ಇಲ್ಲ ಅಂದರೆ ಇಲ್ಲ ಇರಲಿ ಎನ್ನುವುದು. ಇದು ಸುಲಭ ಅಂತ ನೀವು ಅಂದುಕೊಳ್ಳಬಹುದು. ಕಸುಬಿನವರಿಗೆ ಸುಲಭವಲ್ಲ. ಯಾಕೆಂದರೆ ಗಿರಾಕಿ ಬಂದಾಗ ನಾಳೆ ಬಾ ಅನ್ನುವುದು ಎಲ್ಲ ಕಸುಬಿನವರ ಅಭ್ಯಾಸ. ಯೋನಪ್ಪ ನಾಳೆ ಬಾ ಅನ್ನುವುದನ್ನು ಬಿಟ್ಟ. ಹುಣ್ಣಿಮೆ ಕಳೆದ ಮೇಲೆ ಬಾ, ಮೊದಲೇ ಬಂದರೆ ಇಲ್ಲ ಅಂದ. ಗಿರಾಕಿಗಳಿಗೆ ಸಿಟ್ಟು ಬಂತಂತೆ. "ಏನಪಾ ಯೋನಪ್ಪ, ಮದಲ ಚಂದಾಗಿ ನಾಳಿ ಬಾ ಅಂತಿದ್ದಿ, ಮನಸಿಗೆ ಹಗುರಾಗ್ತಿತ್ತು," ಅಂತ ಒಬ್ಬ ರೈತ ಬೇಜಾರು ಮಾಡಿಕೊಂಡನಂತೆ.

ಎರಡನೆಯ ವಾಕ್ಯ, ಹೊತ್ತು ಮುಳುಗುವ ತನಕ ಸಿಟ್ಟು ಇಟ್ಟುಕೊಳ್ಳಬೇಡ ಎನ್ನುವುದು. ಅವನ ಹೆಂಡತಿ ಸುಗುಣವ್ವ ಜಾಣೆ. ಏನಾದರೂ ಜಗಳ ತೆಗೆಯುವುದಿದ್ದರೆ ಸಂಜೆಯೇ ತೆಗೆಯುತ್ತಿದ್ದಳಂತೆ. ಸಂಜೆ ಜಗಳವಾದರೆ ಅವನು ಬೇಗ ಸೋಲಲೇಬೇಕಲ್ಲ! ಅವನು ತಿಪ್ಪೆ ಹತ್ತಿ ನಿಂತು, "ಇನ್ನೂ ಚೂರು ಹೊತ್ತು ಕಾಣಸ್ತದ, ಇನ್ನೊಂದೆರಡು ಮಾತು ಅಂತೀನಿ," ಅನ್ನುತ್ತಿದ್ದನಂತೆ. ಅಂದು ಮುಗಿಸಿ, ಕೆಳಗಿಳಿದು, ರಾಜಿ ಆಗುತ್ತಿದ್ದ.

ಮೂರನೆಯ ವಾಕ್ಯಕ್ಕೆ ಅವನು ಸಿಕ್ಕಿಬಿದ್ದ. ನಿನಗಿಂತ ಇನ್ನೊಬ್ಬ ದೊಡ್ಡವನು ಅಂತ ಎಣಿಸು, ಇದು ಆ ವಾಕ್ಯದ ಅರ್ಥ. ಉಪದೇಶಿ ಇದನ್ನು ಬಿಡಿಸಿ ಹೇಳಿದ. ಮನುಷ್ಯನೊಳಗೆ ನಾನು ಅನ್ನುವವನು ಒಬ್ಬ ಇದ್ದಾನೆ, ಅವನು ಸಾಯಬೇಕು, ಕಾಳು ಮಣ್ಣಿನೊಳಗೆ ಸತ್ತರೇನೇ ತೆನೆ ಬರುವುದು ಅಂದ. ಯೋನಪ್ಪ ತಲೆಯಾಡಿಸಿ ಮನೆಗೆ ಬಂದ.

ಅಂದಿನಿಂದ ಅವನು ಉಪವಾಸ ಮಾಡಿದ. ಎದುರಿಗೆ ಬಂದವರಿಗೆಲ್ಲ ಬಗ್ಗಿ ನಮಸ್ಕಾರ ಮಾಡಿದ. ಸೊಟ್ಟ ಮಡಕೆ ಮಾಡುವ ಕುಂಬಾರನ ಹತ್ತಿರ ಹೋಗಿ ನಿನ್ನಂಥ ಕೈ ಯಾರಿಗೂ ಇಲ್ಲ ಅಂದ. ಕುಂಬಾರ ಅವನನ್ನು ಮೇಲೆ ಕೆಳಗೆ ನೋಡಿ, "ಯಾಕಪಾ, ಏನ್ ಬೇಕಾಗೇತಿ?" ಅಂದನಂತೆ. ಯೋನಪ್ಪ ಅಂದದ್ದು ಹೊಗಳಿಕೆ ಅಲ್ಲ, ಸುಳ್ಳು. ಸುಳ್ಳು ಹೇಳಿದರೆ ಮೊದಲನೆಯ ವಾಕ್ಯ ಮುರಿಯುತ್ತದೆ, ಹೇಳದಿದ್ದರೆ ಮೂರನೆಯದು ಆಗುವುದಿಲ್ಲ. ಕೊನೆಗೆ ಅವನು ಅಂಗಳದಲ್ಲಿ ನಿಂತು, ನಾನು ಏನೂ ಅಲ್ಲ, ನಾನು ಏನೂ ಅಲ್ಲ ಅಂತ ದಿನಾ ಕೂಗುವುದಕ್ಕೆ ಶುರು ಮಾಡಿದ.

ಸುಗುಣವ್ವ ಹಿಟ್ಟು ನಾದುತ್ತಾ ಅಂದಳಂತೆ, "ಓಣಿ ಮಂದಿಗೆಲ್ಲ ಕೇಳೂ ಹಂಗ ಒದರತೀಯಲ್ಲ, ಅದರಾಗೂ ನಾನು, ನಾನು ಅಂಬೋದ ಜೋರು ಕೇಳಸ್ತದ ನೋಡು."

ಯೋನಪ್ಪ ಕೂಗುವುದನ್ನು ನಿಲ್ಲಿಸಿದ. ಆದರೆ ವಾಕ್ಯ ಮಾತ್ರ ಮುಗಿಯಲಿಲ್ಲ. ಭಾನುವಾರ ಬಂದರೆ ಅದೇ ವಾಕ್ಯ ಒಪ್ಪಿಸುತ್ತಿದ್ದ. ಜನ ಮುಸಿಮುಸಿ ನಗುತ್ತಿದ್ದರಂತೆ. "ಯೋನಪ್ಪನ ಗಡಿಗ್ಯಾಗ ಇವತ್ತೂ ಅದೇ ಅಂಬಲಿ," ಅನ್ನುತ್ತಿದ್ದರಂತೆ.

ವಾಕ್ಯ ಯಾಕೆ ಮುಗಿಯುತ್ತಿರಲಿಲ್ಲ ಅನ್ನುವುದನ್ನು ಹೇಳಬೇಕು. ಅವನಿಗೆ ಒಬ್ಬ ತಮ್ಮ ಇದ್ದ, ಮತ್ತಪ್ಪ ಅಂತ. ಅವನೂ ಕಪಲಿ ಹೊಲಿಯುತ್ತಿದ್ದ. ಒಂದು ಸಲ ಮತ್ತಪ್ಪ, ಗಿರಾಕಿ ಬಾಗಿಲಲ್ಲೇ ಕೂತಿದ್ದಾನೆ ಅಂತ ಗಡಿಬಿಡಿಯಲ್ಲಿ, ತೊಗಲು ಸರಿಯಾಗಿ ಹದವಾಗುವ ಮೊದಲೇ ಹೊಲಿದುಕೊಟ್ಟ. ಆ ಕಪಲಿ ನೀರು ತುಂಬಿಕೊಂಡು ಮೇಲೆ ಬರುವಾಗ ಹರಿದುಹೋಯಿತು. ಭಾರ ಒಮ್ಮೆಲೇ ತಪ್ಪಿದ್ದರಿಂದ ಎತ್ತುಗಳು ಮುಗ್ಗರಿಸಿದವು, ಒಂದು ಎತ್ತಿನ ಕಾಲು ಮುರಿಯಿತು. ಅಂದು ಯೋನಪ್ಪ ಊರ ಕಟ್ಟೆಯ ಮೇಲೆ ಎಲ್ಲರೆದುರು, ನಮ್ಮಪ್ಪನ ಕಸುಬು ಒಬ್ಬ ಮಗನಿಗಷ್ಟೇ ಬಂತು ಅಂದುಬಿಟ್ಟ. ಆ ಮಾತು ಊರೂರಿಗೆ ಹೋಯಿತು. ಆಮೇಲೆ ಮತ್ತಪ್ಪನಿಗೆ ಯಾರೂ ಕೆಲಸ ಕೊಡಲಿಲ್ಲ. ಅವನು ರಂಪಿಗೆ ಹಿಡಿಯುವುದನ್ನೇ ಬಿಟ್ಟನಂತೆ. ರಂಪಿಗೆ ಅಂದರೆ ತೊಗಲು ಕೊಯ್ಯುವ ಉಳಿ.

ಹೀಗಿರುವಾಗ ಕೇರಿಯವರೆಲ್ಲ ಸೇರಿ ತಮ್ಮದೇ ಒಂದು ಬಾವಿ ತೋಡಿದರು. ನೀರು ಬಂತು. ಇನ್ನು ಕಪಲಿ ಆಗಬೇಕು. ಆ ಸೀಮೆಯಲ್ಲಿ ಒಂದು ಪದ್ಧತಿ ಇತ್ತು. ಹೊಸ ಬಾವಿಗೆ ಮೊದಲ ಕಪಲಿ ಯಾರು ಹೊಲಿಯುತ್ತಾರೋ ಅವರು ಮೊದಲ ಬೊಗಸೆ ನೀರು ಕುಡಿಯಬೇಕು, ಆ ಬಾವಿಗೆ ಅವರದೇ ಹೆಸರು. ಯೋನಪ್ಪನ ಅಪ್ಪನ ಹೆಸರಿನ ಬಾವಿ ಆಗಲೇ ಇತ್ತು. ತನ್ನ ಹೆಸರಿನದೂ ಒಂದಾಗಬೇಕು ಅಂತ ಯೋನಪ್ಪನಿಗೆ ಹುಡುಗನಾಗಿದ್ದಾಗಿನಿಂದ ಆಸೆ. ಸಭೆಯ ಹಿರಿಯರು ನೇರವಾಗಿ ಅವನ ಹತ್ತಿರವೇ ಬಂದರು, ಒಳ್ಳೆಯ ತೊಗಲು ಕೊಟ್ಟು ಹೋದರು.

ಅವನು ಆ ತೊಗಲನ್ನು ಸವರುತ್ತಾ ಕೂತಿದ್ದಾಗ ಸುಗುಣವ್ವ ಹೊರಗಿನಿಂದ ಬಂದಳು. "ಮತ್ತಪ್ಪ ಗಂಟು ಕಟ್ಟ್ಯಾನ," ಅಂದಳು. "ಹೆಂಡತಿ ಮಕ್ಕಳನ್ನ ಕರಕೊಂಡು ಕಲ್ಲು ಒಡಿಯೋ ಕೆಲಸಕ್ಕ ಹೊಂಟಾನ. ಇನ್ನ ಈ ಊರಿಗೆ ಬರಂಗಿಲ್ಲಂತ."

ಯೋನಪ್ಪ ತೊಗಲು ನೋಡಿದ. ಹೆಂಡತಿಯ ಮುಖ ನೋಡಿದ. ಆಮೇಲೆ ತೊಗಲನ್ನು ಹೆಗಲ ಮೇಲೆ ಹಾಕಿಕೊಂಡು ತಮ್ಮನ ಮನೆಗೆ ನಡೆದ.

ಒಂದು ಕಪಲಿಯನ್ನು ಇಬ್ಬರು ಕೂತು ಹೊಲಿಯುತ್ತಾರೆ. ಒಬ್ಬ ಗುರು, ಅವನು ಕೊಯ್ಯುತ್ತಾನೆ, ತೂತು ಹಾಕುತ್ತಾನೆ. ಇನ್ನೊಬ್ಬ ಎದುರಿಗೆ ಕೂತು ಆ ತೂತಿನಿಂದ ತೊಗಲಿನ ಬಾರನ್ನು ಬಿಗಿಯಾಗಿ ಎಳೆಯುತ್ತಾನೆ. ಎಳೆಯುವವನು ಯಾವಾಗಲೂ ಚಿಕ್ಕವನು. ಅಣ್ಣ ತಮ್ಮನಿಗೆ ಬಾರು ಎಳೆದದ್ದನ್ನು ಆ ಕೇರಿ ಎಂದೂ ಕಂಡಿರಲಿಲ್ಲ. ಯೋನಪ್ಪ ಹೋಗಿ ತೊಗಲು ಹಾಸಿ, ಎಳೆಯುವವನ ಜಾಗದಲ್ಲಿ ಕೂತ.

ಮತ್ತಪ್ಪ ಬೆಚ್ಚಿದ. "ಅಣ್ಣಾ, ನನ್ನ ಚೇಷ್ಟಿ ಮಾಡಾಕ ಬಂದಿಯೇನು?"

"ಬಾರು ಎಳ್ಯಾಕ ಬಂದೀನಿ. ಕೊಯ್ಯಿ."

"ನನ್ನ ಕೈ ಸತ್ತದ."

"ಕುಂದ್ರು. ಕುಂತು ನೋಡು," ಅಂದನಂತೆ ಯೋನಪ್ಪ.

ಮತ್ತಪ್ಪ ಅಳುಕುತ್ತಲೇ ಕೂತು ರಂಪಿಗೆ ಹಿಡಿದ. ಸುದ್ದಿ ಹಬ್ಬಿ ಓಣಿಯ ಜನ ಬಂದು ನಿಂತರು. ಗುರು ಹೋಗಿ ಶಿಷ್ಯ ಆಗ್ಯಾನ, ನಾಳೆ ನೆಲ ಗುಡಿಸ್ತಾನ ಅಂತ ಒಬ್ಬ ನಕ್ಕ. ಯೋನಪ್ಪನಿಗೆ ಅದಕ್ಕಿಂತ ಕಷ್ಟವಾದದ್ದು ಬೇರೆ. ತಮ್ಮನ ಪ್ರತಿ ತೂತಿಗೂ ಅವನ ನಾಲಿಗೆ ಮುಂದೆ ಓಡುತ್ತಿತ್ತು. ಬಾರು ಒಣಗದಿರಲಿ ಅಂತ ಅದರ ತುದಿಯನ್ನು ಬಾಯಲ್ಲಿಟ್ಟುಕೊಳ್ಳುವುದು ಕೆಲಸದ ರೀತಿ. ಬಾರು ಬಾಯಲ್ಲಿದ್ದರೆ ಮಾತಾಡುವುದಕ್ಕೆ ಬರುವುದಿಲ್ಲ. ಯೋನಪ್ಪ ಅದನ್ನು ಹಲ್ಲಲ್ಲಿ ಕಚ್ಚಿ ಹಿಡಿದು, ಬಿಡಲೇ ಇಲ್ಲವಂತೆ.

ಕಪಲಿಯ ಬಾಯಿ ಹೊಲಿಯುವ ಹೊತ್ತಿಗೆ ಮತ್ತಪ್ಪ ಒಂದು ಕೆಲಸ ಮಾಡಿದ. ತೊಗಲಿನ ಒಳ್ಳೆಯ ಭಾಗದಿಂದ, ಬೆನ್ನಿನ ಕಡೆಯಿಂದ, ಒಂದು ಅಗಲ ಪಟ್ಟಿಯನ್ನು ಕೊಯ್ದ. ಅಷ್ಟು ಒಳ್ಳೆಯ ತೊಗಲನ್ನು ಯಾರೂ ಹಾಗೆ ಕೊಯ್ಯುವುದಿಲ್ಲ. ಯೋನಪ್ಪನ ಬಾಯಿಂದ ಬಾರು ಉದುರಿತು. "ಏ ಹುಚ್ಚಾ! ಏನ್ ಮಾಡಾಕತ್ತಿ? ಯಾವಾಗ ಬುದ್ಧಿ ಬರ್ತದ ನಿನಗ?" ಅಂತ ಕೂಗಿಬಿಟ್ಟ.

ಮತ್ತಪ್ಪನ ಕೈಯಿಂದ ರಂಪಿಗೆ ಬಿತ್ತು. ಅವನು ಎದ್ದ. ನೀನೇ ಹೊಲಕೋ ಅಂದು ಬಾಗಿಲ ಹತ್ತಿರ ಇಟ್ಟಿದ್ದ ಗಂಟು ಎತ್ತಿಕೊಂಡ.

ತನ್ನೊಳಗೆ ಸಾಯಬೇಕಾದ ನಾನು ಅನ್ನುವವನು ಇನ್ನೂ ಸತ್ತಿರಲಿಲ್ಲ, ಬರೀ ಬಾಯಿ ಮುಚ್ಚಿಕೊಂಡು ಕೂತಿದ್ದ ಅನ್ನುವುದು ಆಗ ಯೋನಪ್ಪನಿಗೆ ತಿಳಿಯಿತಂತೆ. ಅವನು ಓಡಿ ಹೋಗಿ ತಮ್ಮನ ಗಂಟು ಹಿಡಿದ. ಜನರೆಲ್ಲ ನೋಡುತ್ತಿದ್ದರು. "ನೀ ಏನು ಮಾಡಿದಿ ಅಂಬೋದಷ್ಟ ನೋಡಿದೆ, ತಮ್ಮಾ. ಯಾಕ ಮಾಡಿದಿ ಅಂತ ಕೇಳಲಿಲ್ಲ. ಈಗ ಕೇಳಾಕತ್ತೀನಿ. ಆ ಪಟ್ಟಿ ಯಾಕ ಕೊಯ್ದಿ? ನನಗ ಕಲಿಸು."

ಮತ್ತಪ್ಪ ಅಣ್ಣನ ಮುಖದಲ್ಲಿ ಚೇಷ್ಟೆ ಇದೆಯೋ ಅಂತ ಹುಡುಕಿದ. ಇರಲಿಲ್ಲ. ಆಗ ನಿಧಾನಕ್ಕೆ ಹೇಳಿದ. ಎಲ್ಲರೂ ಹೊಲಿಗೆ ಗಟ್ಟಿ ಮಾಡುತ್ತಾರೆ, ಆದರೆ ಕಪಲಿ ಹೊಲಿಗೆಯಲ್ಲಿ ಹರಿಯುವುದಿಲ್ಲ. ಕಬ್ಬಿಣದ ಬಳೆ ದಿನಾ ತೊಗಲನ್ನು ತಿನ್ನುತ್ತದೆ, ಬಳೆಯ ಕೆಳಗೆ ಹರಿಯುತ್ತದೆ. ಹದವಾಗದ ತೊಗಲಾದರೆ ಬೇಗ, ಹದವಾದದ್ದಾದರೆ ತಡವಾಗಿ. ಅಲ್ಲಿ ಇನ್ನೊಂದು ಪದರ ಹಾಕಿದರೆ ಬಳೆ ಅದನ್ನು ತಿನ್ನುತ್ತದೆ, ಕಪಲಿ ಉಳಿಯುತ್ತದೆ. ಆ ಪದರಕ್ಕೆ ಬೆನ್ನಿನ ತೊಗಲೇ ಬೇಕು.

"ನಿನಗ ಇದು ಹೆಂಗ ಗೊತ್ತಾತು?" ಅಂದ ಯೋನಪ್ಪ.

"ನಿನ್ನ ಕಪಲಿ ಒಮ್ಮೆನೂ ಕಣ್ಣೆದುರು ಹರಿದಿಲ್ಲ, ಅಣ್ಣಾ. ಎಲ್ಲಿ ಹರೀತದ ಅಂತ ನಿನಗ ಹೆಂಗ ಗೊತ್ತಾಗಬೇಕು? ನಂದು ಹರಿದದ. ಅವತ್ತಿಂದ ನಾನು ಬ್ಯಾರೆ ಏನೂ ವಿಚಾರ ಮಾಡಿಲ್ಲ."

ಯೋನಪ್ಪ ಅಲ್ಲೇ ನೆಲಕ್ಕೆ ಕೂತುಬಿಟ್ಟನಂತೆ. ಅತ್ತನೋ ನಕ್ಕನೋ ಅಂತ ಹೇಳುವವರಲ್ಲಿ ಜಗಳ ಇದೆ. ಎರಡೂ ಇರಬಹುದು. ಯಾಕೆಂದರೆ ಅವನು ಇಷ್ಟು ದಿನ ಇನ್ನೊಬ್ಬರನ್ನು ದೊಡ್ಡವರು ಅನ್ನುವುದಕ್ಕೆ ಸುಳ್ಳು ಹುಡುಕುತ್ತಿದ್ದ. ಸುಳ್ಳು ಬೇಕಾಗಿಯೇ ಇರಲಿಲ್ಲ. ಎದುರಿಗೆ ಕೂತು ಕೇಳಿದ್ದರೆ ಸಾಕಿತ್ತು. ಕೇಳುವುದಕ್ಕೆ ಬಿಡದೆ ಅಡ್ಡ ಕೂತಿದ್ದವನೇ ಆ ನಾನು ಅನ್ನುವವನು.

ಅವನು ತಮ್ಮನ ಕೈ ಹಿಡಿದು, ಕಟ್ಟೆಯ ಮೇಲೆ ಅಂದಿದ್ದ ಮಾತು ತಪ್ಪು, ಅಪ್ಪನ ಕಸುಬು ಇಬ್ಬರಿಗೂ ಬಂದಿದೆ, ನನ್ನನ್ನು ಕ್ಷಮಿಸು ಅಂದ. ಅಂದದ್ದು ಮನೆಯೊಳಗೆ ಅಲ್ಲ, ನಗುತ್ತಿದ್ದ ಜನರ ಮುಂದೆಯೇ. ಮತ್ತಪ್ಪ ಗಂಟು ಕೆಳಗಿಟ್ಟ. ರಂಪಿಗೆ ಎತ್ತಿಕೊಂಡ. ಪಟ್ಟಿಯನ್ನು ಬಳೆಯ ಅಳತೆಗೆ ಕೊಯ್ದ. ಯೋನಪ್ಪ ಬಾರು ಎಳೆದ. ಈಗ ಬಾರನ್ನು ಕಚ್ಚಿ ಹಿಡಿಯುವ ಅಗತ್ಯವಿರಲಿಲ್ಲ. ಇಬ್ಬರೂ ಮಾತಾಡುತ್ತಾ ಹೊಲಿದರಂತೆ.

ಬಾವಿಗೆ ಕಪಲಿ ಇಳಿಸಿದ ದಿನ ಎಲ್ಲರೂ ಬಂದರು. ಉಪದೇಶಿ ಪ್ರಾರ್ಥನೆ ಮಾಡಿದ. ಎತ್ತುಗಳು ಇಳಿಜಾರಿನಲ್ಲಿ ಇಳಿದವು, ಹಗ್ಗ ಕಿರುಗುಟ್ಟಿತು, ಕಪಲಿ ತುಂಬಿ ಬಂತು, ಒಂದು ಹನಿಯೂ ಕೆಳಗೆ ಬೀಳಲಿಲ್ಲ. ಹಿರಿಯರು ಯೋನಪ್ಪನನ್ನು ಕರೆದರು. ಅವನು ತಮ್ಮನ ರಟ್ಟೆ ಹಿಡಿದು ಮುಂದೆ ತಳ್ಳಿದ. ಕೊಯ್ದವನು ಇವನು, ನಾನು ಎಳೆದವನು ಅಂದ. ಮತ್ತಪ್ಪ ಬೊಗಸೆಯೊಡ್ಡಿ ಕುಡಿದ. ಆ ಬಾವಿಗೆ ಮತ್ತಪ್ಪನ ಬಾವಿ ಅಂತ ಹೆಸರಾಯಿತು. ಯೋನಪ್ಪನ ಹೆಸರಿನ ಬಾವಿ ಆ ಸೀಮೆಯಲ್ಲಿ ಎಲ್ಲೂ ಇಲ್ಲ.

ಮುಂದಿನ ಭಾನುವಾರ ಉಪದೇಶಿ, ಇನ್ನೊಂದು ವಾಕ್ಯ ಕೊಡಲೇನು ಅಂತ ಕೇಳಿದನಂತೆ. "ತಡಿ, ಸ್ವಾಮಿ. ಈ ವಾಕ್ಯ ತಮ್ಮನ ಮುಂದ ಒಂದು ದಿನ ಆಗೇತಿ. ಇನ್ನ ಕುಂಬಾರ ಅದಾನ, ಹೆಂಡತಿ ಅದಾಳ," ಅಂದನಂತೆ ಯೋನಪ್ಪ. ಸುಗುಣವ್ವ ಹೆಂಗಸರ ಸಾಲಿನಿಂದ ಜೋರಾಗಿ ಆಮೆನ್ ಅಂದಳಂತೆ. ಅವನು ಸಾಯುವ ಹೊತ್ತಿಗೆ ಅವನಿಗೆ ನೂರು ವಾಕ್ಯ ಬರುತ್ತಿತ್ತು ಅಂತ ಕೆಲವರು ಹೇಳುತ್ತಾರೆ. ಮೂರೇ ಬರುತ್ತಿತ್ತು ಅಂತ ನನ್ನಜ್ಜಿ ಹೇಳುತ್ತಿದ್ದಳು.

ಈಗ ಕಪಲಿಯೂ ಇಲ್ಲ, ಕಪಲಿ ಹೊಲಿಯುವವರೂ ಇಲ್ಲ. ಆದರೆ ಎರೆಬಾವಿಯ ಸುತ್ತಿನ ಊರುಗಳಲ್ಲಿ ಒಂದು ನಡೆ ಉಳಿದಿದೆ. ಯಾರದಾದರೂ ಕೆಲಸ ಊರೆದುರು ಕೆಟ್ಟರೆ, ಅವರು ಮತ್ತೆ ಕೆಲಸಕ್ಕೆ ಕೈ ಹಾಕುವ ಮೊದಲ ದಿನ, ಆ ಕಸುಬಿನಲ್ಲಿ ಎಲ್ಲರಿಗಿಂತ ಮೇಲಾದವರು ಹೋಗಿ ಅವರ ಕೈಕೆಳಗೆ ದುಡಿಯುತ್ತಾರೆ. ಅದಕ್ಕೆ ಬಾರು ಎಳೆಯುವುದು ಅಂತಲೇ ಹೆಸರು. ಕ್ರೈಸ್ತರೂ ಹೋಗುತ್ತಾರೆ, ಉಳಿದವರೂ ಹೋಗುತ್ತಾರೆ. ಗೋಡೆ ಬಿದ್ದುಹೋದ ಗೌಂಡಿಗೆ ದೊಡ್ಡ ಗೌಂಡಿ ಸಿಮೆಂಟು ಕಲಸಿಕೊಡುತ್ತಾನೆ. ಹೋದ ವರ್ಷ ಒಬ್ಬ ಹೆಣ್ಣುಮಗಳು ಮದುವೆ ಮನೆಯಲ್ಲಿ ಮಾಡಿದ ಅಡುಗೆ ಹಳಸಿ, ಅವಳು ಒಲೆಯ ಮುಂದೆ ಕೂರುವುದನ್ನೇ ಬಿಟ್ಟಿದ್ದಳು. ಮತ್ತೆ ಒಂದು ಮದುವೆಗೆ ಅವಳನ್ನು ಕರೆದಾಗ, ಆ ಸೀಮೆಗೆಲ್ಲ ಹೆಸರಾದ ಅಡುಗೆಯ ಮುದುಕಿ ಬೆಳಿಗ್ಗೆಯೇ ಬಂದು, ಉಳ್ಳಾಗಡ್ಡಿಯ ಬುಟ್ಟಿ ಎಳೆದುಕೊಂಡು ಅವಳ ಎದುರು ಕೂತು, "ಹೆಂಗ ಹೆಚ್ಚಲಿ, ಸಣ್ಣಗೋ ದಪ್ಪಗೋ? ಹೇಳವ್ವಾ," ಅಂದಳು.